ಸೈಕ್ಲೋನಿನ ಸುಳಿಗಾಳಿಗೆ ಯಾವ ಪ್ರೆಶರ್-ಸ್ಟ್ರೇನ್ ಮಾದರಿ?

ಪ್ರಶ್ನೆ: ಬದಿಯಡ್ಕ ಕಡೆಯ ಎಂ.ಟೆಕ್ ವಿದ್ಯಾರ್ಥಿಯೊಬ್ಬರು ಹೀಗೆ ಕೇಳಿದ್ದಾರೆ: "ನಮ್ಮೂರಿನ ಚಾಲಿ ಅಡಿಕೆ ಸುಲಿಯುವ ಘಟಕಕ್ಕೆ ಗಾಳಿಯನ್ನು ಸುಳಿಯಾಗಿ ತಿರುಗಿಸಿ ಧೂಳು ಹಿಡಿಯುವ ಸೈಕ್ಲೋನ್ ಎಂಬ ಸಾಧನವೊಂದನ್ನು ವಿನ್ಯಾಸ ಮಾಡುತ್ತಿದ್ದೇನೆ. ವ್ಯಾಸ 30 ಸೆಂ.ಮೀ., ಅಳತೆಗಳೆಲ್ಲ ಸೈಕ್ಲೋನಿಗೆ ರೂಢಿಯಲ್ಲಿರುವ ಸ್ಟೇರ್‌ಮಂಡ್ ಅನುಪಾತದವು, ಒಳಬರುವ ಗಾಳಿಯ ವೇಗ ಸೆಕೆಂಡಿಗೆ 15 ಮೀಟರ್. ಹರಿವನ್ನು ಕಂಪ್ಯೂಟರಿನಲ್ಲಿ ಗಣಿಸುವಾಗ ಕೆ-ಎಪ್ಸಿಲಾನ್ ಎಂಬ ಪ್ರಕ್ಷುಬ್ಧತಾ (ಟರ್ಬ್ಯುಲೆನ್ಸ್) ಮಾದರಿಯಲ್ಲಿ ಇಡೀ ಗಾಳಿ ಗಟ್ಟಿ ಕಂಬದಂತೆ ಒಟ್ಟಾಗಿ ತಿರುಗುತ್ತದೆ. ಗೈಡ್ ಹೇಳಿದರೆಂದು ರೆನಾಲ್ಡ್ಸ್ ಸ್ಟ್ರೆಸ್ ಮಾದರಿಗೆ ಬಂದೆ. ಅಲ್ಲಿ ಪ್ರೆಶರ್-ಸ್ಟ್ರೇನ್ ಎಂಬಲ್ಲಿ ಲೀನಿಯರ್, ಕ್ವಾಡ್ರಾಟಿಕ್ ಎಂಬ ಆಯ್ಕೆಗಳಿವೆ, ವಾಲ್ ರಿಫ್ಲೆಕ್ಷನ್ ಎಂದು ಬೇರೆಯೇ ಒಂದಿದೆ. ಆಯ್ಕೆ ಬದಲಿಸಿದರೆ ಉತ್ತರ ಬದಲಾಗುತ್ತದೆ. ರೆಸಿಡ್ಯುಯಲ್ (ಲೆಕ್ಕದಲ್ಲಿ ಉಳಿಯುವ ದೋಷ) ಇಳಿಯದೆ ಒಂದೇ ಮಟ್ಟದಲ್ಲಿ ಅಲುಗುತ್ತಿರುತ್ತದೆ. ಈ ಪದ ಏನು, ಯಾವುದನ್ನು ಆರಿಸಬೇಕು, ಸರಿಯೆಂದು ತಿಳಿಯುವುದು ಹೇಗೆ?"

ಉತ್ತರ: ಈ ಆಯ್ಕೆಯನ್ನು ಸಾಫ್ಟ್‌ವೇರಿನ ಒಂದು ಸಣ್ಣ ಸೆಟ್ಟಿಂಗ್ ಎಂದು ನೋಡಬೇಡಿ. ಕೆ-ಎಪ್ಸಿಲಾನ್ ಬಿಟ್ಟು ರೆನಾಲ್ಡ್ಸ್ ಸ್ಟ್ರೆಸ್ ಮಾದರಿಗೆ ಬಂದ ಪ್ರಯೋಜನದ ಬಹುಪಾಲು ಈ ಒಂದು ಪದದ ಮೇಲೆಯೇ ನಿಂತಿದೆ. ಆದ್ದರಿಂದ ಕ್ವಾಡ್ರಾಟಿಕ್ ಆರಿಸಿ ಎಂದು ಒಂದು ಸಾಲಿನಲ್ಲಿ ಮುಗಿಸದೆ ಸ್ವಲ್ಪ ಬುಡದಿಂದಲೇ ಹೇಳುತ್ತೇನೆ.

ಹರಿವಿನ ಚಲನೆಯನ್ನು ಹೇಳುವ ನೇವಿಯರ್-ಸ್ಟೋಕ್ಸ್ ಸಮೀಕರಣಗಳ ಸರಾಸರಿ ತೆಗೆದಾಗ ವೇಗದ ಏರಿಳಿತಗಳ ಗುಣಲಬ್ಧಗಳ ಸರಾಸರಿಗಳು ಸಮೀಕರಣದಲ್ಲಿ ಉಳಿದುಬಿಡುತ್ತವೆ. ಇವೇ ರೆನಾಲ್ಡ್ಸ್ ಸ್ಟ್ರೆಸ್‌ಗಳು, ಒಟ್ಟು ಆರು. ಕೆ-ಎಪ್ಸಿಲಾನ್ ಮಾದರಿ ಈ ಆರನ್ನೂ ಒಂದೇ ಎಡ್ಡಿ ಸ್ನಿಗ್ಧತೆಯ (ಪ್ರಕ್ಷುಬ್ಧತೆಯ ಕಲಕಾಟದಿಂದ ಬರುವ ಸ್ನಿಗ್ಧತೆಯ) ಮೂಲಕ ಸರಾಸರಿ ಸ್ಟ್ರೇನಿಗೆ, ಎಂದರೆ ಹರಿವು ಹಿಗ್ಗಿ ಓರೆಯಾಗುವ ದರಕ್ಕೆ, ನೇರವಾಗಿ ಕಟ್ಟಿಹಾಕುತ್ತದೆ. ರೆನಾಲ್ಡ್ಸ್ ಸ್ಟ್ರೆಸ್ ಮಾದರಿಯಾದರೋ ಆರಕ್ಕೂ ಬೇರೆಬೇರೆ ಸಾಗಣೆ ಸಮೀಕರಣ ಬರೆಯುತ್ತದೆ. ಆ ಸಮೀಕರಣದಲ್ಲಿ ಸರಾಸರಿ ಹರಿವಿನಿಂದ ಏರಿಳಿತಗಳಿಗೆ ಶಕ್ತಿ ಬರುವ ಉತ್ಪಾದನಾ ಪದಕ್ಕೆ ಯಾವ ಊಹೆಯೂ ಬೇಡ, ಅದು ಇದ್ದಹಾಗೇ ಸಿಗುತ್ತದೆ. ಶಕ್ತಿ ಶಾಖವಾಗಿ ನಶಿಸುವ ಪದ ಮತ್ತು ವಿಸರಣೆಯ ಪದಗಳಿಗೆ ಮಾದರಿ ಬೇಕು. ಇವೆಲ್ಲದರ ನಡುವೆ, ಒತ್ತಡದ ಏರಿಳಿತವನ್ನು ಸ್ಟ್ರೇನ್ ದರದ ಏರಿಳಿತದಿಂದ ಗುಣಿಸಿ ಸರಾಸರಿ ತೆಗೆದ ಪದವೊಂದಿದೆ. ಅದೇ ನಿಮ್ಮನ್ನು ಕಾಡುತ್ತಿರುವ ಪ್ರೆಶರ್-ಸ್ಟ್ರೇನ್ ಪದ.

ಗಾಳಿ ಸಂಕುಚಿತಗೊಳ್ಳುವುದಿಲ್ಲವೆಂದು ಭಾವಿಸಿದಾಗ (ನಿಮ್ಮ ವೇಗಕ್ಕೆ ಹಾಗೆ ಭಾವಿಸುವುದರಲ್ಲಿ ತಪ್ಪಿಲ್ಲ) ಮೂರು ದಿಕ್ಕುಗಳಲ್ಲಿ ಈ ಪದದ ಮೊತ್ತ ಸೊನ್ನೆಯಾಗುತ್ತದೆ. ಎಂದರೆ ಅದು ಪ್ರಕ್ಷುಬ್ಧತೆಯ ಒಟ್ಟು ಶಕ್ತಿಯನ್ನು ಹೆಚ್ಚಿಸುವುದೂ ಇಲ್ಲ, ಕುಗ್ಗಿಸುವುದೂ ಇಲ್ಲ. ಕೂಡುಕುಟುಂಬದ ಪಾಲುಪಟ್ಟಿ ಮಾಡುವ ಕೆಲಸವನ್ನೇ ಇದು ಮಾಡುತ್ತದೆ; ಆಸ್ತಿ ಅಷ್ಟೇ ಇರುತ್ತದೆ, ಯಾರ ಪಾಲಿಗೆ ಎಷ್ಟೆಂಬುದು ಮಾತ್ರ ತೀರ್ಮಾನವಾಗುತ್ತದೆ.

ಒತ್ತಡದ ಏರಿಳಿತವನ್ನು ನಿರ್ಧರಿಸುವುದು ಪಾಯ್ಸನ್ ಸಮೀಕರಣ. ಅದರ ಪ್ರಕಾರ ಒಂದು ಬಿಂದುವಿನ ಒತ್ತಡಕ್ಕೆ ಸುತ್ತಲಿನ ಇಡೀ ಹರಿವು ಕಾರಣವಾಗುತ್ತದೆ. ಮಾದರಿ ಮಾತ್ರ ಆ ಬಿಂದುವಿನಲ್ಲಿ ಲಭ್ಯವಿರುವ ಮಾಹಿತಿಯಿಂದಲೇ ಲೆಕ್ಕ ಮುಗಿಸಬೇಕು. ತೊಡಕಿನ ಮೂಲ ಇಲ್ಲಿದೆ. ಆ ಸಮೀಕರಣದ ಬಲಬದಿಯಲ್ಲಿ ಎರಡು ಬಗೆಯ ಪದಗಳಿವೆ. ಏರಿಳಿತಗಳು ತಮ್ಮತಮ್ಮಲ್ಲೇ ಗುಣಿಸಿಕೊಂಡು ಹುಟ್ಟಿಸುವ ಭಾಗಕ್ಕೆ ನಿಧಾನ ಭಾಗವೆಂದು ಹೆಸರು. ಸರಾಸರಿ ವೇಗದ ಇಳಿಜಾರು (ಜಾಗದಿಂದ ಜಾಗಕ್ಕೆ ಅದು ಬದಲಾಗುವ ದರ) ನೇರವಾಗಿ ಕಾಣಿಸಿಕೊಳ್ಳುವ ಭಾಗ ಶೀಘ್ರ ಭಾಗ. ಸರಾಸರಿ ಹರಿವು ಬದಲಾದ ಕ್ಷಣವೇ ಅದೂ ಬದಲಾಗುವುದರಿಂದ ಆ ಹೆಸರು. ಗೋಡೆ ಇದ್ದಲ್ಲಿ ಅದರಿಂದಾಗುವ ಮೂರನೆಯ ಕೊಡುಗೆಯೂ ಸೇರುತ್ತದೆ. ಹರಿವಿನ ಒಳಗೆ ಒತ್ತಡದ ಏರಿಳಿತವನ್ನು ಸ್ಟ್ರೇನಿನ ಜೊತೆಜೊತೆಗೆ ಅಳೆಯುವುದು ಪ್ರಯೋಗಶಾಲೆಯಲ್ಲಿ ಬಹಳ ಕಷ್ಟ. ಕಿಮ್, ಮೊಯಿನ್ ಮತ್ತು ಮೋಸರ್ 1987ರಲ್ಲಿ ಸಮತಟ್ಟು ಕಾಲುವೆಯ ಹರಿವನ್ನು ಯಾವ ಪ್ರಕ್ಷುಬ್ಧತಾ ಮಾದರಿಯೂ ಇಲ್ಲದೆ ನೇರವಾಗಿ ಗಣಿಸಿದರು. ಮರುವರ್ಷ ಮನ್ಸೂರ್, ಕಿಮ್ ಮತ್ತು ಮೊಯಿನ್ ಆ ದತ್ತಾಂಶದಿಂದಲೇ ಪ್ರತಿಯೊಂದು ಸ್ಟ್ರೆಸ್ಸಿನ ಜಮಾ-ಖರ್ಚನ್ನು ತೆಗೆದು ತೋರಿಸಿದರು. ಇಂದು ಬಳಕೆಯಲ್ಲಿರುವ ಪ್ರಮುಖ ಮಾದರಿಗಳು ಕೆಲವು ಅದಕ್ಕಿಂತ ಹಿಂದಿನವು ಎಂಬುದು ಗಮನಿಸತಕ್ಕ ಸಂಗತಿ. ಅವುಗಳ ಸ್ಥಿರಾಂಕಗಳನ್ನು ನಿಗದಿ ಮಾಡಿದ್ದು ಬೇರೆ ದಾರಿಯಿಂದ.

ನಿಧಾನ ಭಾಗಕ್ಕೆ 1951ರಲ್ಲಿ ರೋಟಾ ಕೊಟ್ಟ ಸೂತ್ರ ಸರಳವಾಗಿದೆ: ಮೂರು ದಿಕ್ಕುಗಳ ಪಾಲು ಎಷ್ಟು ಅಸಮವೋ ಅದನ್ನು ಸಮಗೊಳಿಸುವ ವೇಗವೂ ಅಷ್ಟು ಹೆಚ್ಚು. ಗುಣಕ ಸಿ-1ರ ರೂಢಿಯ ಬೆಲೆ 1.8. ಸಿ-1 ಒಂದಕ್ಕಿಂತ ಹೆಚ್ಚಿರಲೇಬೇಕು, ಏಕೆಂದರೆ ಸರಾಸರಿ ಇಳಿಜಾರು ಇಲ್ಲದ ಹರಿವಿನಲ್ಲಿ ಅಸಮತೆ ಕುಗ್ಗುವ ದರ ಸಿ-1ರಿಂದ ಒಂದನ್ನು ಕಳೆದಷ್ಟಕ್ಕೆ ಅನುಪಾತದಲ್ಲಿರುತ್ತದೆ. ಬೆಲೆ ಒಂದೇ ಆಗಿದ್ದರೆ ಒಟ್ಟು ಶಕ್ತಿ ಸಾಯುತ್ತಾ ಹೋಗುತ್ತದೆ, ಅಸಮತೆ ಮಾತ್ರ ಇದ್ದಲ್ಲೇ ಇರುತ್ತದೆ.

ಶೀಘ್ರ ಭಾಗ ಇದಕ್ಕಿಂತ ಸ್ವಾರಸ್ಯಕರ, ಮತ್ತು ನಿಮ್ಮ ಸೈಕ್ಲೋನಿಗೆ ಹೆಚ್ಚು ಮುಖ್ಯ. ಇಲ್ಲಿ ಒಂದು ನಿಖರ ಫಲಿತಾಂಶ ಕೈಯಲ್ಲಿದೆ. ಎಲ್ಲ ದಿಕ್ಕಿಗೂ ಸಮನಾಗಿರುವ ಪ್ರಕ್ಷುಬ್ಧತೆಯ ಮೇಲೆ ಥಟ್ಟನೆ ಸ್ಟ್ರೇನ್ ಹೇರಿದರೆ, ಆ ಮೊದಲ ಕ್ಷಣದಲ್ಲಿ ಶೀಘ್ರ ಭಾಗವು ಪ್ರಕ್ಷುಬ್ಧ ಶಕ್ತಿ ಮತ್ತು ಸ್ಟ್ರೇನ್ ದರಗಳ ಗುಣಲಬ್ಧದ ಐದನೇ ನಾಲ್ಕು ಪಾಲು, ಎಂದರೆ 0.8ರಷ್ಟು, ಇರಲೇಬೇಕು. ಕ್ರೋ ಇದನ್ನು 1968ರಲ್ಲಿ ತೋರಿಸಿದರು. ಈಗ ನಿಮ್ಮ ಲೀನಿಯರ್ ಮಾದರಿಯನ್ನು ನೋಡಿ. ಬಹಳಷ್ಟು ಸಾಫ್ಟ್‌ವೇರುಗಳಲ್ಲಿ ಆ ಹೆಸರಿನಲ್ಲಿರುವುದು ಉತ್ಪಾದನೆಯ ಅಸಮತೆಯನ್ನು ಭಾಗಶಃ ಸರಿದೂಗಿಸುವ ಸೂತ್ರ. ಅದರ ಗುಣಕ ಸಿ-2ರ ಬೆಲೆ 0.6. ಸಮದಿಕ್ಕಿನ ಪ್ರಕ್ಷುಬ್ಧತೆಯಲ್ಲಿ ಉತ್ಪಾದನೆಯು ಶಕ್ತಿ ಮತ್ತು ಸ್ಟ್ರೇನ್ ದರಗಳ ಗುಣಲಬ್ಧದ ಮೂರನೇ ನಾಲ್ಕರಷ್ಟು (4/3), ಚಿಹ್ನೆ ವಿರುದ್ಧ. 0.6ನ್ನು ಮೂರನೇ ನಾಲ್ಕರಿಂದ ಗುಣಿಸಿದರೆ ಸರಿಯಾಗಿ 0.8. ಆ 0.6 ಎಲ್ಲಿಂದಲೋ ಹೆಕ್ಕಿ ತಂದ ಸಂಖ್ಯೆಯಲ್ಲ. ಅದನ್ನು 'ಟ್ಯೂನ್' ಮಾಡಿ ಪ್ರಯೋಗಕ್ಕೆ ಹೊಂದಿಸುವ ಆಸೆ ಬಂದರೆ ಈ ಲೆಕ್ಕವನ್ನು ನೆನಪಿಸಿಕೊಳ್ಳಿ.

ಆದರೆ ಇದೇ ಸೂತ್ರ ಎಲ್ಲಿ ಎಡವುತ್ತದೆ ಎಂಬುದನ್ನು ಕಾಣಲು ಕಾಗದ-ಪೆನ್ಸಿಲ್ ಸಾಕು. ಒಂದೇ ದಿಕ್ಕಿಗೆ ಹರಿಯುತ್ತಾ ಅಡ್ಡಕ್ಕೆ ಸಮವಾಗಿ ವೇಗ ಹೆಚ್ಚುವ ಸರಳ ಶಿಯರ್ ಹರಿವನ್ನು ತೆಗೆದುಕೊಳ್ಳಿ. ಒಟ್ಟು ಶಕ್ತಿಯ ಉತ್ಪಾದನೆಯನ್ನು 1 ಎಂದಿಟ್ಟುಕೊಂಡರೆ ಹರಿವಿನ ದಿಕ್ಕಿನ ಸ್ಟ್ರೆಸ್ಸಿಗೆ ಸಿಗುವ ಉತ್ಪಾದನೆ 2, ಉಳಿದೆರಡು ದಿಕ್ಕಿಗೆ ಸೊನ್ನೆ (ಶಕ್ತಿ ಎಂದರೆ ಮೂರರ ಮೊತ್ತದ ಅರ್ಧ ಎಂಬುದನ್ನು ಮರೆಯಬೇಡಿ). ಆ ಎರಡು ದಿಕ್ಕುಗಳು ಬದುಕುವುದೇ ಪ್ರೆಶರ್-ಸ್ಟ್ರೇನ್ ಪದ ಕೊಡುವ ಪಾಲಿನಿಂದ. ಸಿ-2 0.6 ಇರುವ ಸೂತ್ರದ ಶೀಘ್ರ ಭಾಗ ಹರಿವಿನ ದಿಕ್ಕಿನಿಂದ 0.8 ತೆಗೆದು ಉಳಿದೆರಡಕ್ಕೂ 0.4ರಂತೆ ಸಮನಾಗಿ ಹಂಚುತ್ತದೆ. ನಿಧಾನ ಭಾಗವೂ ಅವೆರಡರಲ್ಲಿ ಭೇದ ಮಾಡುವುದಿಲ್ಲ. ಹೀಗಾಗಿ ಶಿಯರಿನ ದಿಕ್ಕಿನ ಏರಿಳಿತವೂ ಅದಕ್ಕೆ ಅಡ್ಡದ ಏರಿಳಿತವೂ ಒಂದೇ ಎಂದು ಈ ಮಾದರಿ ಹೇಳುತ್ತದೆ. ಅಳತೆ ಹೇಳುವುದು ಬೇರೆ: ಟವುಲಾರಿಸ್ ಮತ್ತು ಕಾರ್ಸಿನ್ ಅವರ ಪ್ರಯೋಗಗಳಲ್ಲಿ ಶಕ್ತಿಯೊಂದಿಗೆ ಹೋಲಿಸಿದರೆ ಹರಿವಿನ, ಶಿಯರಿನ ಮತ್ತು ಅಡ್ಡದ ದಿಕ್ಕಿನ ಪಾಲುಗಳು ಸುಮಾರು 1.04, 0.37 ಮತ್ತು 0.58. ಲಾಂಡರ್, ರೀಸ್ ಮತ್ತು ರೋಡಿ 1975ರಲ್ಲಿ ಪ್ರಕಟಿಸಿದ ಲೇಖನದ ಪೂರ್ಣ ರೂಪದ ಸೂತ್ರದಲ್ಲಿ ಇದೇ ಲೆಕ್ಕ ಮಾಡಿದರೆ ಶೀಘ್ರ ಭಾಗ ಆ ಎರಡು ದಿಕ್ಕಿಗೆ ಹಂಚುವ ಪಾಲುಗಳು, 0.4 ಮತ್ತು 0.4 ಆಗುವ ಬದಲು, 0.36 ಮತ್ತು 0.58 ಎಂದು ಬೇರೆಯಾಗುತ್ತವೆ. ಅದೇ ಲೇಖನದ ಸರಳ ರೂಪವೇ 0.6ರ ಸೂತ್ರ. ಕೆಲವರು ಎರಡಕ್ಕೂ ಒಂದೇ ಹೆಸರು ಬಳಸುತ್ತಾರೆ. ಕೈಪಿಡಿಯಲ್ಲಿ ಸ್ಥಿರಾಂಕಗಳನ್ನು ನೋಡಿಯೇ ಯಾವುದೆಂದು ತಿಳಿಯಬೇಕು.

ಕ್ವಾಡ್ರಾಟಿಕ್ ಎಂದು ನಿಮ್ಮ ಪಟ್ಟಿಯಲ್ಲಿರುವುದು ಸ್ಪೆಜಿಯಾಲೆ, ಸರ್ಕಾರ್ ಮತ್ತು ಗಟ್ಸ್‌ಕಿ 1991ರಲ್ಲಿ ಕೊಟ್ಟ ಮಾದರಿ. ನಿಧಾನ ಭಾಗಕ್ಕೆ ಅಸಮತೆಯ ವರ್ಗದ ಪದವನ್ನು ಸೇರಿಸಿ, ಸಮಗೊಳಿಸುವ ವೇಗವನ್ನು ಉತ್ಪಾದನೆಗೂ ಹೊಂದಿಸಿ, ಶೀಘ್ರ ಭಾಗದಲ್ಲಿ ಸ್ಟ್ರೇನಿಗೂ ತಿರುಗುವಿಕೆಗೂ ಬೇರೆಬೇರೆ ಗುಣಕ ಕೊಟ್ಟಿದ್ದಾರೆ. ತಿರುಗುವ ಚೌಕಟ್ಟಿನಲ್ಲಿ ಶಿಯರ್ ಹರಿವು ಹೇಗೆ ವರ್ತಿಸುತ್ತದೆ ಎಂಬುದನ್ನು ಮುಂದಿಟ್ಟುಕೊಂಡೇ ರೂಪಿಸಿದ ಮಾದರಿ ಇದು. ಕ್ರೋ ಅವರ 0.8 ಇಲ್ಲೂ ಸ್ಟ್ರೇನಿನ ಗುಣಕವಾಗಿ ಹಾಗೇ ಕುಳಿತಿದೆ. ಒಂದು ಎಚ್ಚರಿಕೆ: ಇದರ ಮೊದಲ ಸ್ಥಿರಾಂಕ 3.4 ಎಂದು ಕಂಡು, ರೋಟಾ ಸೂತ್ರದ 1.8ಕ್ಕಿಂತ ಇದು ಸುಮಾರು ಎರಡರಷ್ಟು ಬಿರುಸು ಎಂದು ತಿಳಿಯಬೇಡಿ. ಇಲ್ಲಿ ಅಸಮತೆಯನ್ನು ಅರ್ಧ ಅಳತೆಯಲ್ಲಿ ವ್ಯಾಖ್ಯಾನಿಸಿರುವುದರಿಂದ 3.4 ಎಂದರೆ ಹಳೆಯ ಲೆಕ್ಕದಲ್ಲಿ 1.7 ಮಾತ್ರ.

ಇನ್ನು ವಾಲ್ ರಿಫ್ಲೆಕ್ಷನ್. ಗೋಡೆಗೆ ಲಂಬವಾದ ಏರಿಳಿತವನ್ನು ಗೋಡೆ ತಡೆಯುತ್ತದೆ, ಅದರ ಪಾಲು ಉಳಿದೆರಡಕ್ಕೆ ಹೋಗಬೇಕು. ಲೀನಿಯರ್ ಸೂತ್ರ ತಾನಾಗಿ ಇದನ್ನು ಮಾಡದ ಕಾರಣ ಗಿಬ್ಸನ್ ಮತ್ತು ಲಾಂಡರ್ 1978ರಲ್ಲಿ 0.5 ಮತ್ತು 0.3 ಎಂಬ ಎರಡು ಗುಣಕಗಳ ತಿದ್ದುಪದವನ್ನು ಕೊಟ್ಟರು. ಅದು ಗೋಡೆಗಿರುವ ದೂರವನ್ನೂ ಗೋಡೆಯ ದಿಕ್ಕನ್ನೂ ಕೇಳುತ್ತದೆ. ಚಪ್ಪಟೆ ಗೋಡೆಗೆ ಸರಿ. ಸೈಕ್ಲೋನಿನಲ್ಲಿ ಹೊರಗೋಡೆ, ಮಧ್ಯಕ್ಕೆ ಇಳಿಬಿಟ್ಟ ಹೊರಹೋಗುವ ಕೊಳವೆ, ಕೆಳಗೆ ಕಿರಿದಾಗುವ ಶಂಕು, ಇಷ್ಟರ ನಡುವೆ ಯಾವ ಗೋಡೆಯ ದೂರ ಎಂಬುದೇ ಗೊಂದಲ. ಗಾಳಿ ನೇರವಾಗಿ ಗೋಡೆಗೆ ಬಡಿಯುವ ಕಡೆಯಲ್ಲಂತೂ ಇದು ಲಂಬ ಏರಿಳಿತವನ್ನು ಕುಗ್ಗಿಸುವ ಬದಲು ಹೆಚ್ಚಿಸುತ್ತದೆ ಎಂದು ಕ್ರಾಫ್ಟ್ ಮತ್ತು ಲಾಂಡರ್ 1992ರಲ್ಲಿ ತೋರಿಸಿದ್ದಾರೆ. ಕ್ವಾಡ್ರಾಟಿಕ್ ಮಾದರಿಯನ್ನು ವಾಲ್ ಫಂಕ್ಷನ್ (ಗೋಡೆಯ ಪಕ್ಕದ ತೆಳು ಪದರವನ್ನು ಗಣಿಸದೆ ಸೂತ್ರದಿಂದ ತುಂಬುವ ಕ್ರಮ) ಜೊತೆ ಬಳಸುವಾಗ ಈ ತಿದ್ದುಪದ ಬೇಕಾಗುವುದಿಲ್ಲ. ಗೋಡೆಗೆ ಅಂಟಿದ ಪದರದವರೆಗೂ ಇಳಿದು ಗಣಿಸಬೇಕಾದವರು ಡರ್ಬಿನ್ ತೋರಿಸಿದ ಎಲಿಪ್ಟಿಕ್ ಸಮೀಕರಣದ ದಾರಿಯನ್ನು ನೋಡಬಹುದು. ನಿಮ್ಮ ಕೆಲಸಕ್ಕೆ ಅಷ್ಟು ದೂರ ಹೋಗಬೇಕಿಲ್ಲ.

ಈಗ ನಿಮ್ಮ ಸುಳಿಗೆ ಬರೋಣ. ಗೋಡೆಯ ಬಳಿ 15 ಸೆಂ.ಮೀ. ತ್ರಿಜ್ಯದಲ್ಲಿ ಸೆಕೆಂಡಿಗೆ 15 ಮೀಟರ್ ವೇಗವೆಂದರೆ ಕೇಂದ್ರದತ್ತ ವೇಗೋತ್ಕರ್ಷ 1500 ಮೀಟರ್ ಪ್ರತಿ ಸೆಕೆಂಡ್ ವರ್ಗ, ಭೂಮಿಯ ಗುರುತ್ವದ ಸುಮಾರು 150ರಷ್ಟು. ಇಂಥ ಸುಳಿಯಲ್ಲಿ ತ್ರಿಜ್ಯ ಮತ್ತು ಸ್ಪರ್ಶಕ (ಸುತ್ತುವ ದಿಕ್ಕಿನ) ವೇಗಗಳ ಗುಣಲಬ್ಧವಾದ ಕೋನೀಯ ಸಂವೇಗ ಹೊರಕ್ಕೆ ಹೋದಂತೆ ಹೆಚ್ಚಿದರೆ ಏರಿಳಿತಗಳು ಅದುಮಲ್ಪಡುತ್ತವೆ. ಲಾರ್ಡ್ ರೇಲಿ 1917ರಲ್ಲೇ ಹೇಳಿದ ನಿಯಮ ಇದು, ಮತ್ತು ಸೈಕ್ಲೋನಿನ ಬಹುಭಾಗ ಈ ಸ್ಥಿತಿಯಲ್ಲೇ ಇರುತ್ತದೆ. ಕೆ-ಎಪ್ಸಿಲಾನ್ ಮಾದರಿಯ ಶಕ್ತಿ ಉತ್ಪಾದನೆಗೆ ಕಾಣುವುದು ಸ್ಟ್ರೇನ್ ಮಾತ್ರ. ತಿರುಗುವಿಕೆ ಅದರ ಕಣ್ಣಿಗೆ ಬೀಳುವುದಿಲ್ಲ. ಹೊರಭಾಗದ ಸುಳಿಯಲ್ಲಿ ಸ್ಟ್ರೇನ್ ದೊಡ್ಡದು, ಹಾಗಾಗಿ ಅದು ವಿಪರೀತ ಎಡ್ಡಿ ಸ್ನಿಗ್ಧತೆಯನ್ನು ಹುಟ್ಟಿಸಿ ಸುಳಿಯನ್ನು ತಿಕ್ಕಿತಿಕ್ಕಿ ಗಟ್ಟಿ ಕಂಬದ ತಿರುಗುವಿಕೆಗೆ ತಂದು ನಿಲ್ಲಿಸುತ್ತದೆ. ಅದಕ್ಕೇ ನಿಮಗೆ ಆ ಚಿತ್ರ ಬಂದದ್ದು. ಮೆಶ್ (ಲೆಕ್ಕಕ್ಕೆಂದು ಜಾಗವನ್ನು ತುಂಡರಿಸಿದ ಜಾಲ) ಎಷ್ಟು ಸಣ್ಣದು ಮಾಡಿದರೂ ಅದು ಹೋಗುತ್ತಿರಲಿಲ್ಲ.

ರೆನಾಲ್ಡ್ಸ್ ಸ್ಟ್ರೆಸ್ ಸಮೀಕರಣದಲ್ಲಿ ಏನಾಗುತ್ತದೆ? ಸುಳಿಯ ನಡುಗಂಬದಲ್ಲಿ ತ್ರಿಜ್ಯ-ಸ್ಪರ್ಶಕ ಶಿಯರ್ ಸ್ಟ್ರೆಸ್ಸಿನ ಮೂಲವನ್ನು, ಹರಿವಿನೊಂದಿಗೆ ಸಾಗಿಬರುವ ಪದವನ್ನೂ ಸೇರಿಸಿ ಬರೆದರೆ, ಅದು ಕೋನವೇಗದ ಎರಡರಷ್ಟನ್ನು ಸ್ಪರ್ಶಕ ಮತ್ತು ತ್ರಿಜ್ಯ ಏರಿಳಿತಗಳ ಪಾಲಿನ ವ್ಯತ್ಯಾಸದಿಂದ ಗುಣಿಸಿದಷ್ಟು ಆಗುತ್ತದೆ. ಪಾಲು ಸಮವಾದರೆ ಮೂಲ ಸೊನ್ನೆ. ಪಾಲು ಎಷ್ಟೆಂದು ತೀರ್ಮಾನಿಸುವುದು ಪ್ರೆಶರ್-ಸ್ಟ್ರೇನ್ ಮಾದರಿ. ಆದ್ದರಿಂದಲೇ ಆಯ್ಕೆ ಬದಲಿಸಿದರೆ ನಿಮ್ಮ ಸ್ಪರ್ಶಕ ವೇಗದ ಶಿಖರ ಎತ್ತರದಲ್ಲೂ ಜಾಗದಲ್ಲೂ ಬದಲಾಗುತ್ತದೆ. 0.6ರ ಸೂತ್ರಕ್ಕೆ ಇಲ್ಲಿ ಇನ್ನೊಂದು ದೌರ್ಬಲ್ಯವಿದೆ: ಸುಳಿಯಲ್ಲಿ ಉತ್ಪಾದನೆ ಎಷ್ಟು, ಸಾಗಣೆ ಎಷ್ಟು ಎಂಬ ವಿಂಗಡಣೆ ನಾವು ಯಾವ ಚೌಕಟ್ಟಿನಿಂದ ನೋಡುತ್ತೇವೆ ಎಂಬುದನ್ನು ಅವಲಂಬಿಸಿರುತ್ತದೆ, ಆದರೆ ಸೂತ್ರ ಉತ್ಪಾದನೆಯನ್ನು ಮಾತ್ರ ಎಣಿಸುತ್ತದೆ. ಫು, ಲಾಂಡರ್ ಮತ್ತು ಲೆಶ್‌ಜಿನರ್ 1987ರಲ್ಲಿ ಸಾಗಣೆಯನ್ನೂ ಒಳಗೆ ಸೇರಿಸಿದ್ದು ಇದನ್ನು ಸರಿಪಡಿಸಲೆಂದೇ.

ಹೀಗಾಗಿ ನನ್ನ ಸಲಹೆ ಕ್ವಾಡ್ರಾಟಿಕ್ ಮಾದರಿ, ವಾಲ್ ಫಂಕ್ಷನ್ ಜೊತೆಗೆ. ಅದು ಹಟ ಹಿಡಿದರೆ ಲೀನಿಯರ್ ಮಾದರಿಯೂ ಕೆ-ಎಪ್ಸಿಲಾನಿಗಿಂತ ಎಷ್ಟೋ ಮೇಲು. ಹೋಕ್‌ಸ್ಟ್ರಾ, ಡರ್ಕ್‌ಸನ್ ಮತ್ತು ವಾನ್ ಡೆನ್ ಅಕ್ಕರ್ 1999ರಲ್ಲಿ ಸೈಕ್ಲೋನಿನೊಳಗೆ ಲೇಸರ್‌ನಿಂದ ವೇಗ ಅಳೆದು ಹೋಲಿಸಿದಾಗ ಕೆ-ಎಪ್ಸಿಲಾನ್ ಮತ್ತು ಅದರ ಆರ್‌ಎನ್‌ಜಿ ರೂಪ ಎರಡೂ ಸೋತವು, ಸ್ಟ್ರೆಸ್ ಸಾಗಣೆಯ ಮಾದರಿ ಸಮಂಜಸವಾಗಿ ಹೊಂದಿತು. ಓಪನ್‌ಫೋಮ್ ಎಂಬ ಹರಿವು ಗಣಿಸುವ ಸಾಫ್ಟ್‌ವೇರ್ ಬಳಸುವುದಾದರೆ ಎಲ್‌ಆರ್‌ಆರ್ (ಲಾಂಡರ್-ರೀಸ್-ರೋಡಿ) ಮತ್ತು ಎಸ್‌ಎಸ್‌ಜಿ (ಸ್ಪೆಜಿಯಾಲೆ-ಸರ್ಕಾರ್-ಗಟ್ಸ್‌ಕಿ) ಎಂಬ ಹೆಸರಿನಲ್ಲಿ ಎರಡೂ ಇವೆ. ಎಲ್‌ಆರ್‌ಆರ್‌ನಲ್ಲಿ ವಾಲ್ ರಿಫ್ಲೆಕ್ಷನ್ ತಾನಾಗಿ ಚಾಲೂ ಆಗಿರುತ್ತದೆ, ಬೇಡವೆಂದರೆ ನೀವೇ ತೆಗೆಯಬೇಕು.

ರೆಸಿಡ್ಯುಯಲ್ ಅಲುಗುತ್ತಿರುವುದಕ್ಕೆ ಮಾದರಿಯನ್ನೇ ಬೈಯಬೇಕಾಗಿಲ್ಲ. ನಿಜವಾದ ಸೈಕ್ಲೋನಿನಲ್ಲೂ ಸುಳಿಯ ನಡುಗಂಬ ಅಕ್ಷದ ಮೇಲೆ ನಿಲ್ಲದೆ ಅದರ ಸುತ್ತ ಸುತ್ತುತ್ತಿರುತ್ತದೆ. ಕೆ-ಎಪ್ಸಿಲಾನಿನ ಅತಿಯಾದ ಸ್ನಿಗ್ಧತೆ ಅದನ್ನು ಕೊಂದು ಸಲೀಸಾಗಿ ಕನ್ವರ್ಜ್ ಆಗುತ್ತಿತ್ತು, ಅಷ್ಟೇ. ಸ್ಥಿರ ಹರಿವಿನ ಲೆಕ್ಕ ಬಿಟ್ಟು ಕಾಲಾವಲಂಬಿ ಲೆಕ್ಕ ಮಾಡಿ. 5 ಸೆಂ.ಮೀ. ತ್ರಿಜ್ಯದಲ್ಲಿ ಸೆಕೆಂಡಿಗೆ 25 ಮೀಟರ್ ಎಂದಿಟ್ಟುಕೊಂಡರೆ ಸೆಕೆಂಡಿಗೆ ಸುಮಾರು 80 ಸುತ್ತು, ಒಂದು ಸುತ್ತಿಗೆ 12.5 ಮಿಲಿಸೆಕೆಂಡ್, 0.1 ಮಿಲಿಸೆಕೆಂಡಿನ ಹೆಜ್ಜೆ ಇಟ್ಟರೆ ಸುತ್ತಿಗೆ ನೂರಕ್ಕೂ ಹೆಚ್ಚು ಹೆಜ್ಜೆ ಸಿಗುತ್ತವೆ. ನಿಮ್ಮ ಅಳತೆಯ ಸೈಕ್ಲೋನಿನಲ್ಲಿ ಗಾಳಿ ಸರಾಸರಿ 0.43 ಸೆಕೆಂಡ್ ಇರುತ್ತದೆ, ಆದ್ದರಿಂದ ಆರಂಭದ ಗೊಂದಲ ಕಳೆದ ಮೇಲೆ ಎರಡು ಸೆಕೆಂಡಿನಷ್ಟಾದರೂ ಸರಾಸರಿ ತೆಗೆಯಿರಿ. ಕಾಲೇಜಿನ ಲ್ಯಾಬಿನ ಕಂಪ್ಯೂಟರಿನಲ್ಲಿ, ಅದೂ ಮಳೆಗಾಲದ ನಮ್ಮ ಕರೆಂಟಿನಲ್ಲಿ, ಇದು ಸಣ್ಣ ಮಾತಲ್ಲ. ಮಧ್ಯೆ ಮಧ್ಯೆ ಫಲಿತಾಂಶ ಸೇವ್ ಆಗುವಂತೆ ಮಾಡಿಟ್ಟುಕೊಳ್ಳಿ. ಕೆ-ಎಪ್ಸಿಲಾನ್ ಫಲಿತಾಂಶದಿಂದಲೇ ಶುರು ಮಾಡಿ, ಆರಂಭದಲ್ಲಿ ಮೊದಲ ದರ್ಜೆಯ ಸ್ಕೀಮ್ ಬಳಸಿ, ಆಮೇಲೆ ಎರಡನೆಯ ದರ್ಜೆಗೆ ಬನ್ನಿ. ಮೊದಲ ದರ್ಜೆಯಲ್ಲೇ ನಿಂತುಬಿಟ್ಟರೆ ಅದರ ಸುಳ್ಳು ವಿಸರಣೆ ಸುಳಿಯನ್ನು ಮತ್ತೆ ಮಂಕುಮಾಡುತ್ತದೆ, ಆಗ ಪ್ರೆಶರ್-ಸ್ಟ್ರೇನ್ ಆಯ್ಕೆಯ ಬಗ್ಗೆ ತಲೆ ಕೆಡಿಸಿಕೊಂಡದ್ದೆಲ್ಲ ವ್ಯರ್ಥ. ಮೆಶ್ ಆದಷ್ಟೂ ಷಣ್ಮುಖಿ ಕೋಶಗಳದ್ದಾಗಿರಲಿ, ಸುಳಿಯ ದಿಕ್ಕಿಗೆ ಹೊಂದಿಕೊಂಡಿರಲಿ.

ಪರೀಕ್ಷೆಗೆ ಮೊದಲ ದಾರಿ ಒತ್ತಡದ ಕುಸಿತ. ಶೆಫರ್ಡ್ ಮತ್ತು ಲ್ಯಾಪಲ್ ಸೂತ್ರದಂತೆ ಸ್ಟೇರ್‌ಮಂಡ್ ಅನುಪಾತಕ್ಕೆ ಅದು ಒಳಬರುವ ಗಾಳಿಯ ಚಲನ ಒತ್ತಡದ 6.4ರಷ್ಟು. ಸೆಕೆಂಡಿಗೆ 15 ಮೀಟರಿನ ಗಾಳಿಗೆ ಚಲನ ಒತ್ತಡ ಸುಮಾರು 135 ಪಾಸ್ಕಲ್. ಗುಣಿಸಿದರೆ 860ರ ಆಸುಪಾಸು, ಎಂದರೆ ಪಾರದರ್ಶಕ ಪೈಪನ್ನು ಬಗ್ಗಿಸಿ ನೀರು ತುಂಬಿದ ಮಾನೋಮೀಟರಿನಲ್ಲಿ ಸುಮಾರು 88 ಮಿ.ಮೀ. ವ್ಯತ್ಯಾಸ. ಘಟಕದಲ್ಲೇ ಇದನ್ನು ಅಳೆಯಬಹುದು, ನೂರಿನ್ನೂರು ರೂಪಾಯಿಯ ಕೆಲಸ. ಆದರೆ ಒತ್ತಡದ ಕುಸಿತ ಒಂದೇ ಹೊಂದಿತೆಂದು ಮಾದರಿ ಸರಿಯೆನ್ನಲಾಗದು, ಏಕೆಂದರೆ ಒಳಗಿನ ವೇಗದ ಹಂಚಿಕೆ ತಪ್ಪಿದ್ದರೂ ಆ ಒಂದು ಸಂಖ್ಯೆ ಆಕಸ್ಮಿಕವಾಗಿ ಹೊಂದಬಹುದು. ಪ್ರಕಟವಾದ ಲೇಸರ್ ಅಳತೆಗಳಿರುವ ಸೈಕ್ಲೋನೊಂದನ್ನು ಮೊದಲು ಇದೇ ಮೆಶ್ ಕ್ರಮದಲ್ಲಿ, ಎರಡೂ ಪ್ರೆಶರ್-ಸ್ಟ್ರೇನ್ ಆಯ್ಕೆಗಳಿಂದ ಗಣಿಸಿ, ಸ್ಪರ್ಶಕ ವೇಗದ ಶಿಖರದ ತ್ರಿಜ್ಯವನ್ನು ಹೋಲಿಸಿ ನೋಡಿ. ಆಮೇಲೆ ನಿಮ್ಮದಕ್ಕೆ ಬನ್ನಿ. ಜೊತೆಗೆ ಮೂರೂ ದಿಕ್ಕಿನ ಸ್ಟ್ರೆಸ್‌ಗಳು ಎಲ್ಲೂ ಋಣಾತ್ಮಕವಾಗಿಲ್ಲವೆಂದು ಖಚಿತಪಡಿಸಿಕೊಳ್ಳಿ. ವರ್ಗದ ಸರಾಸರಿ ಸೊನ್ನೆಗಿಂತ ಕೆಳಗಿಳಿಯುವುದು ಅಸಾಧ್ಯ, ಆದರೆ ಈ ಎರಡೂ ಮಾದರಿಗಳು ಅದಕ್ಕೆ ಪೂರ್ತಿ ಖಾತರಿ ಕೊಡುವುದಿಲ್ಲ.

ಕೊನೆಗೆ ಧೂಳಿನ ವಿಚಾರ. ಕಣಗಳನ್ನು ಬಿಟ್ಟು ಹಿಡಿಯುವ ಸಾಮರ್ಥ್ಯ ಲೆಕ್ಕ ಹಾಕುವಾಗ ಏರಿಳಿತವನ್ನು ಶಕ್ತಿಯಿಂದ ಮೂರು ದಿಕ್ಕಿಗೂ ಸಮನಾಗಿ ತೆಗೆಯದೆ, ಗಣಿಸಿದ ಸ್ಟ್ರೆಸ್‌ಗಳಿಂದಲೇ ತೆಗೆಯುವಂತೆ ನೋಡಿಕೊಳ್ಳಿ. ಸೂಕ್ಷ್ಮ ಧೂಳು ಗೋಡೆ ಸೇರುವುದೋ ನಡುಗಂಬಕ್ಕೆ ಮರಳುವುದೋ ಎಂಬುದರಲ್ಲಿ ತ್ರಿಜ್ಯದ ಏರಿಳಿತಕ್ಕೆ ದೊಡ್ಡ ಪಾತ್ರವಿದೆ. ಚಾಲಿ ಸುಲಿಯುವಾಗ ಧೂಳಿನ ಜೊತೆ ಸಿಪ್ಪೆಯ ನಾರೂ ಹಾರಿಬರುತ್ತದೆ. ಗೋಳಾಕಾರದ ಕಣಕ್ಕೆಂದು ಇರುವ ಡ್ರ್ಯಾಗ್ (ಗಾಳಿಯ ಎಳೆತ) ಸೂತ್ರ ನಾರಿಗೆ ಒಗ್ಗುವುದಿಲ್ಲ, ಆ ತಪ್ಪನ್ನು ಯಾವ ಪ್ರೆಶರ್-ಸ್ಟ್ರೇನ್ ಮಾದರಿಯೂ ಸರಿಮಾಡದು. ನಾರನ್ನು ಸೈಕ್ಲೋನಿಗೆ ಮೊದಲೇ ಒಂದು ಜಾಲರಿ ಪೆಟ್ಟಿಗೆಯಲ್ಲಿ ತಡೆದು, ಸಿಮ್ಯುಲೇಶನ್ನಿಗೆ ಸಣ್ಣ ಧೂಳನ್ನು ಮಾತ್ರ ಬಿಡಿ.